ಒತ್ತಡ ಇಟ್ಟೇ ನೆನೆಸಿ: ಸ್ಕೂಬಾ ರೆಗ್ಯುಲೇಟರ್ ಜತೆ ನನ್ನ ಅನುಭವ

ಸ್ಕೂಬಾ ಡೈವಿಂಗ್ ಮುಗಿಸಿ ಮುರುಡೇಶ್ವರದಲ್ಲಿ ಬೋಟ್ ಇಳಿದ ಮೇಲೂ ನಾನು ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಉಸಿರಾಡಲು ಕೊಡುವ ಉಪಕರಣ) ನೆನೆಸುತ್ತ ನೀರಿನ ಡ್ರಮ್ ಮುಂದೆ ಕೂರುವುದನ್ನು ನೋಡಿ ನಕ್ಕವರಲ್ಲಿ ಇಬ್ಬರು ಈಗ ತಾವೂ ಡ್ರಮ್ ತಂದಿಟ್ಟುಕೊಂಡಿದ್ದಾರೆ!

ಮೊದಲು ನಾವೂ ಪೈಪ್ ಹಿಡಿದು ನೀರು ಹೊಡೆದು ನೇತು ಹಾಕುತ್ತಿದ್ದೆವು. ಆದರೆ ನೇತ್ರಾಣಿ ದ್ವೀಪದಿಂದ ವಾಪಸ್ ಬರುವಷ್ಟರಲ್ಲೇ ಬಿಸಿಲಿಗೆ ಉಪ್ಪು ಗಟ್ಟಿಯಾಗಿರುತ್ತದೆ, ಮೇಲಿನ ನೀರಿಗೆ ಅದು ಕರಗುವುದಿಲ್ಲ. ಒಂದು ಮಳೆಗಾಲ ಕಳೆದು ನೋಡಿದರೆ ಸಿಲಿಂಡರಿಗೆ ಬಿಗಿಯುವ ಯೋಕ್ ಸ್ಕ್ರೂ, ಹೋಸ್ ಬಾಯಿ ಎಲ್ಲ ಹಸಿರು ಕಿಲುಬು. ಏಳೆಂಟು ಸೆಟ್ ಹೊರಗೆ ಸರ್ವಿಸ್‌ಗೆ ಕಳಿಸಿದೆ. ಕೊರಿಯರ್ ಸೇರಿ ಐವತ್ತು ಸಾವಿರದ ಹತ್ತಿರ ಬಿತ್ತು. ಬಂದ ವಾರದಲ್ಲೇ ಎರಡು ಮತ್ತೆ ಬುಸುಗುಟ್ಟತೊಡಗಿದವು.

ಈಗ ದಿನದ ಕೊನೆಗೆ ಐವತ್ತು ಬಾರ್ ಗಾಳಿ ಉಳಿದ ಸಿಲಿಂಡರನ್ನು ರೆಗ್ಯುಲೇಟರ್ ಸಮೇತ 200 ಲೀಟರ್ ಡ್ರಮ್ಮಿನಲ್ಲಿ ಇಳಿಸುತ್ತೇನೆ. ವಾಲ್ವ್ ತೆರೆದೇ ಇರಬೇಕು. ಉಗುರುಬೆಚ್ಚಗಿನ ಸಿಹಿನೀರು, ಗಂಟೆ ಒಂದೂವರೆ ಗಂಟೆ. ಒಳಗೆ ಒತ್ತಡ ಇರುವಾಗ ನೀರು ನುಗ್ಗುವುದಿಲ್ಲ, ಬಾಯಿಗಿಡುವ ಭಾಗದಿಂದ ಗಾಳಿ ಹೊರಬಿಡುವ ಪರ್ಜ್ ಬಟನ್ ಧೈರ್ಯವಾಗಿ ಒತ್ತಬಹುದು. ಎಲ್ಲಾದರೂ ಸೋರಿದರೆ ಗುಳ್ಳೆ ಅಲ್ಲೇ ಕಾಣುತ್ತದೆ. 'ಸುಮ್ನೆ ಗಾಳಿ ದಂಡ' ಅಂದವರಿಗೆ ಒಂದು ಸ್ವಿವೆಲ್ (ತಿರುಗುವ ಜೋಡಣೆ) ಓ-ರಿಂಗಿನಿಂದ, ಅಂದರೆ ರಬ್ಬರ್ ಬಳೆಯಿಂದ, ಸೂಜಿಮೊನೆಯಷ್ಟು ಗುಳ್ಳೆ ಏಳುವುದನ್ನು ತೋರಿಸಿದೆ. ಬೋಟ್ ಮೇಲೆ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ತೊಂದರೆ ಏನಂದರೆ, ಏಪ್ರಿಲ್ ಹೊತ್ತಿಗೆ ನಮ್ಮ ಬಾವಿ ನೀರೇ ಸವುಳಾಗುತ್ತದೆ. ಆಗ ಟ್ಯಾಂಕರ್ ತರಿಸಬೇಕು.

ಕಿಲುಬಿಗೆ ಹುಣಸೆಹುಳಿಯನ್ನೂ ನೋಡಿದೆ. ಹಳೇ ಯೋಕ್ ಸ್ಕ್ರೂ ಒಂದನ್ನು ರಾತ್ರಿಯಿಡೀ ಇಟ್ಟೆ. ಕಿಲುಬು ಹೋಯಿತು, ಜತೆಗೆ ಕ್ರೋಮೂ ಎದ್ದು ಬಂತು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಶಬ್ದದ ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ಮೆಷಿನ್‌ನಲ್ಲಿ ಐದಾರು ನಿಮಿಷ ಸಾಕು.

ಟೆಕ್ನಿಷಿಯನ್ ಕೋರ್ಸ್ ಮಾಡಿಕೊಂಡ ಮೇಲೆ ಮಳೆಗಾಲದಲ್ಲಿ ಸರ್ವಿಸ್ ಕಿಟ್ (ಬದಲಿಸುವ ಬಿಡಿಭಾಗಗಳು) ತರಿಸಿ ನಾನೇ ಬಿಚ್ಚುತ್ತೇನೆ. ಸೆಟ್ಟಿಗೆ ಎರಡೂವರೆ ಸಾವಿರ ಇರಬಹುದು. ನಮ್ಮ ಮಾಡೆಲ್‌ನಲ್ಲಿ ಸಿಲಿಂಡರಿನಿಂದ ಇಳಿದ ಮಧ್ಯಂತರ ಒತ್ತಡ ತೋರಿಸುವ ಐಪಿ ಗೇಜ್ ಸೂಜಿ ಒಂಬತ್ತೂವರೆ ಬಾರ್ ಆಸುಪಾಸಿನಲ್ಲಿ ನಿಲ್ಲಬೇಕು. ನಿಂತಂತೆ ಮಾಡಿ ಹತ್ತು, ಹನ್ನೊಂದು ಅಂತ ತೆವಳಿದರೆ ಎಚ್‌ಪಿ ಸೀಟ್ (ಸಿಲಿಂಡರಿನ ಹೈ ಪ್ರೆಶರ್ ಗಾಳಿ ತಡೆಯುವ ಸಣ್ಣ ಭಾಗ) ಕಥೆ ಮುಗಿದಿದೆ ಅಂತಲೇ ಸಾಮಾನ್ಯವಾಗಿ ಅರ್ಥ. 

ಸರ್ವಿಸ್ ಆದದ್ದು 40 ವಾಟ್ ಬಲ್ಬ್ ಉರಿಯುವ ಕಪಾಟಿಗೆ ಹೋಗುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಇನ್ನು ಕೊಳ್ಳುವುದಾದರೆ ಸೀಲ್ ಇರುವ ಡಯಾಫ್ರಮ್ (ಒಳಗೆ ಪೊರೆ ಇರುವ) ಮಾಡೆಲ್ಲೇ, ಸ್ಪ್ರಿಂಗ್ ಹತ್ತಿರ ಉಪ್ಪು ಸುಳಿಯುವುದಿಲ್ಲ. ಪೊರೆಯ ಬದಲು ಪಿಸ್ಟನ್ ಇರುವ ಮಾಡೆಲ್ ಅಗ್ಗ, ಬಿಡಿಭಾಗವೂ ಕಡಿಮೆ, ನಿಜ. ಆದರೂ ಅಂಗಡಿಯವನನ್ನು ನಾನು ಮೊದಲು ಕೇಳುವುದು ಬೆಲೆಯನ್ನಲ್ಲ, ಸರ್ವಿಸ್ ಕಿಟ್ ಇಲ್ಲೇ ಸಿಗುತ್ತದಾ ಅಂತ.