14ರ ಬದಲು 16: ಕರ್ನಲ್ ನೆಟ್‌ವರ್ಕಿಂಗ್‌ನ ಪುಟ್ಟ ಮೆಮ್‌ಕಾಪಿಗಳನ್ನು ಚುರುಕು ಮಾಡಿದ ಬಗೆ

10 ಗಿಗಾಬಿಟ್ ಲಿಂಕಿನಲ್ಲಿ 64 ಬೈಟಿನ ಫ್ರೇಮುಗಳು ಪೂರ್ತಿ ವೇಗದಲ್ಲಿ ಬಂದರೆ ಸೆಕೆಂಡಿಗೆ 1.488 ಕೋಟಿ ಪ್ಯಾಕೆಟ್ ಆಗುತ್ತವೆ. ಪ್ರಿಯಾಂಬಲ್ (ಫ್ರೇಮಿಗೆ ಮುಂಚಿನ ಆರಂಭ ಸಂಕೇತ) ಮತ್ತು ಫ್ರೇಮುಗಳ ನಡುವಿನ ಅಂತರ ಸೇರಿಸಿದರೆ ತಂತಿಯ ಮೇಲೆ ಒಂದೊಂದಕ್ಕೂ 84 ಬೈಟ್. ಅಂದರೆ ಪ್ಯಾಕೆಟ್ ಒಂದಕ್ಕೆ ಸಿಗುವುದು 67.2 ನ್ಯಾನೋಸೆಕೆಂಡ್, 3 ಗಿಗಾಹರ್ಟ್ಸ್ ಕೋರ್‌ನಲ್ಲಿ ಸುಮಾರು 200 ಸೈಕಲ್. ಡ್ರೈವರ್, ಐಪಿ, ರೂಟಿಂಗ್ ಹುಡುಕಾಟ, ಮತ್ತೆ ಹೊರಗೆ ಕಳಿಸುವ ಡ್ರೈವರ್ ಎಲ್ಲವೂ ಇಷ್ಟರಲ್ಲೇ ಮುಗಿಯಬೇಕು. ಲಿನಕ್ಸ್ ಕರ್ನಲ್‌ನ ಈ ದಾರಿಯುದ್ದಕ್ಕೂ ಮೆಮ್‌ಕಾಪಿಯ, ಅಂದರೆ ಬೈಟುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸುವ ಫಂಕ್ಷನ್ನಿನ, ಚಿಕ್ಕ ಚಿಕ್ಕ ನಕಲುಗಳಿವೆ: 6 ಬೈಟಿನ ಮ್ಯಾಕ್ ವಿಳಾಸ, 14 ಬೈಟಿನ ಈಥರ್ನೆಟ್ ಹೆಡರ್, 16 ಬೈಟಿನ ಐಪಿವಿ6 ವಿಳಾಸ, 20 ಬೈಟಿನ ಐಪಿವಿ4 ಹೆಡರ್, ಎಸ್‌ಕೆಬಿಯೊಳಗಿನ (ಕರ್ನಲ್ ಪ್ರತಿ ಪ್ಯಾಕೆಟ್ಟಿಗೂ ಇಟ್ಟುಕೊಳ್ಳುವ ರಚನೆ) 48 ಬೈಟಿನ ಸಿಬಿ ಎಂಬ ಟಿಪ್ಪಣಿ ಜಾಗ.

ಇಂಥ ನಕಲಿನಲ್ಲಿ ಬೈಟುಗಳನ್ನು ಸಾಗಿಸುವ ಖರ್ಚು ಬಹಳ ಕಡಿಮೆ, ಕೆಲವೇ ಲೋಡು (ಮೆಮೊರಿಯಿಂದ ಓದು), ಕೆಲವೇ ಸ್ಟೋರು (ಮೆಮೊರಿಗೆ ಬರಹ) ಅಷ್ಟೆ. ಸೈಕಲ್ ತಿನ್ನುವುದು ‘ಎಷ್ಟು ಬೈಟ್’ ಎಂದು ಓಡುವಾಗ ತೀರ್ಮಾನಿಸುವ ಕೆಲಸ. ಫಂಕ್ಷನ್ ಕರೆ, ಉದ್ದ ನೋಡಿ ಕವಲೊಡೆಯುವ ಬ್ರಾಂಚುಗಳು, ಅವುಗಳಲ್ಲೊಂದು ಎತ್ತ ಹೋಗುತ್ತದೆಂಬ ಪ್ರೊಸೆಸರಿನ ಊಹೆ ತಪ್ಪಿದರೆ ಒಂದೇ ಏಟಿಗೆ 15–20 ಸೈಕಲ್. ಹಾಗಾಗಿ ನಾನು ಮಾಡಿದ ಬದಲಾವಣೆಗಳೆಲ್ಲ ಒಂದೇ ದಿಕ್ಕಿನವು: ಉದ್ದವನ್ನು ಕಂಪೈಲರಿಗೆ ಮೊದಲೇ ತಿಳಿಸುವುದು. ಅದಾಗದಿದ್ದರೆ ಜಾಗ ಖಾತ್ರಿ ಮಾಡಿಕೊಂಡು, ಉದ್ದವನ್ನೇ ಮೇಲಕ್ಕೆ ದುಂಡಾಗಿಸುವುದು.

ಕೈ ಹಾಕುವ ಮೊದಲು ಅಳೆಯಬೇಕು. ಪರ್ಫ್‌ನಲ್ಲಿ (ಸಮಯ ಎಲ್ಲಿ ಹೋಗುತ್ತದೆಂದು ತೋರಿಸುವ ಲಿನಕ್ಸ್ ಸಾಧನ) ಮೆಮ್‌ಕಾಪಿ ಮೇಲಿನ ಸಾಲಿಗೆ ಬಂತೆಂದ ಮಾತ್ರಕ್ಕೆ ಏನೂ ತಿಳಿಯುವುದಿಲ್ಲ. ಕಾಲ್ ಗ್ರಾಫ್ ಹಿಡಿದು ಕರೆದವರು ಯಾರೆಂದು ನೋಡಬೇಕು. ಉದ್ದ ತಿಳಿಯಲು, ಓಡುತ್ತಿರುವ ಕರ್ನಲನ್ನು ಗಮನಿಸುವ ಬಿಪಿಎಫ್‌ಟ್ರೇಸ್ ಸಾಕು. ಎಸ್‌ಕೆಬಿಯಿಂದ ಬೈಟು ನಕಲಿಸುವ ಎಸ್‌ಕೆಬಿ-ಕಾಪಿ-ಬಿಟ್ಸ್ ಫಂಕ್ಷನ್ ಮೇಲೆ ಕೆಪ್ರೋಬ್ (ಕರೆ ಬಂದಾಗಲೆಲ್ಲ ಹಿಡಿಯುವ ಕೊಕ್ಕೆ) ಇಟ್ಟು, ಉದ್ದವಾದ ನಾಲ್ಕನೇ ಆರ್ಗ್ಯುಮೆಂಟನ್ನು (ಎಣಿಕೆ ಸೊನ್ನೆಯಿಂದ, ಹಾಗಾಗಿ ಆರ್ಗ್3) 0ರಿಂದ 256ರವರೆಗೆ 8ರ ಹೆಜ್ಜೆಯ ಹಿಸ್ಟೋಗ್ರಾಂಗೆ ಸುರಿಯುತ್ತೇನೆ. ಉದ್ದಗಳು ಎರಡು ಮೂರು ಕಡೆ ಗುಂಪುಗೂಡಿದ್ದರೆ ಕೆಲಸಕ್ಕೆ ಅರ್ಥವಿದೆ. ಎಲ್ಲೆಡೆ ಹರಡಿದ್ದರೆ ಅಲ್ಲಿಗೆ ಬಿಡುವುದು ಲೇಸು.

ಇನ್ನೊಂದು ಬಲೆ ಇದೆ. ಪ್ಯಾಕೆಟ್ಟಿನ ದತ್ತಾಂಶವನ್ನು ಸಿಪಿಯು ಮೊದಲ ಬಾರಿ ಮುಟ್ಟುವುದು ಎಷ್ಟೋ ಸಲ ಮೆಮ್‌ಕಾಪಿಯೊಳಗೇ. ಆಗ ಕಾಣುವ ಖರ್ಚು ನಕಲಿನದಲ್ಲ, ಕ್ಯಾಶ್ ಮಿಸ್ಸಿನದು (ಬೇಕಾದದ್ದು ಕ್ಯಾಶ್‌ನಲ್ಲಿಲ್ಲದೆ ನಿಧಾನದ ಮೆಮೊರಿಗಾಗಿ ಕಾಯುವುದು). ಮೆಮ್‌ಕಾಪಿ ತೆಗೆದರೆ ಅದೇ ಖರ್ಚು ಮುಂದೆ ಹೆಡರ್ ಓದುವ ಸಾಲಿಗೆ ಜರುಗುತ್ತದೆ, ಒಟ್ಟು ಮೊತ್ತ ಹಾಗೇ ಉಳಿಯುತ್ತದೆ. ಪರ್ಫ್ ಆನೋಟೇಟ್‌ನಲ್ಲಿ ಮೊದಲ ಲೋಡಿನ ಪಕ್ಕದ ಸೂಚನೆಯ ಮೇಲೇ ಸ್ಯಾಂಪಲ್ಲುಗಳು ರಾಶಿ ಬಿದ್ದಿದ್ದರೆ ಬೇಕಾದದ್ದು ಪ್ರಿಫೆಚ್ (ಮುಂಚಿತವಾಗಿ ಕ್ಯಾಶ್‌ಗೆ ತರಿಸುವುದು), ಮೆಮ್‌ಕಾಪಿಯ ತಿದ್ದುಪಡಿಯಲ್ಲ.

ಉದ್ದ ಸ್ಥಿರವಾಗಿರುವ ಕಡೆ ಕಂಪೈಲರೇ ಒಳ್ಳೆಯ ಕೋಡ್ ಕೊಡುತ್ತದೆ, ಆದರೂ ಯಂತ್ರದ ಸೂಚನೆಗಳನ್ನು ತೋರಿಸುವ ಆಬ್ಜ್‌ಡಂಪ್‌ನಲ್ಲಿ ಕಣ್ಣಾರೆ ನೋಡಲೇಬೇಕು. 14 ಬೈಟನ್ನು 8, 4, 2 ಎಂದು ಒಡೆಯಬಹುದು. ಅಥವಾ 0ನೇ ಬೈಟಿನಿಂದ ಎಂಟು, 6ನೇ ಬೈಟಿನಿಂದ ಎಂಟು ಎಂದು ಒಂದರ ಮೇಲೊಂದು ಹಾಯುವ ಎರಡು ಸ್ಟೋರು ಮಾಡಬಹುದು. ಎರಡನೆಯದೇ ಮೇಲು. ಎಕ್ಸ್86 ಕರ್ನಲ್ ಎಸ್‌ಎಸ್‌ಇ (ಅಗಲದ ರಿಜಿಸ್ಟರು ಬಳಸುವ ಸೂಚನೆಗಳು) ಇಲ್ಲದೆ ಕಂಪೈಲ್ ಆಗುವುದರಿಂದ 16 ಬೈಟ್ ಎಂದರೆ ಎರಡು 64 ಬಿಟ್ ರಿಜಿಸ್ಟರು. ಎಸ್‌ಎಸ್‌ಇ ಅಥವಾ ಎವಿಎಕ್ಸ್ ಬಳಸಲೇಬೇಕೆಂದರೆ ಎಫ್‌ಪಿಯು ಸ್ಥಿತಿಯನ್ನು (ಆ ರಿಜಿಸ್ಟರುಗಳಲ್ಲಿರುವುದನ್ನು) ಕಾಯ್ದಿಡುವ ವ್ಯವಸ್ಥೆ ಬೇಕು. ಇಪ್ಪತ್ತು ಬೈಟಿಗೆ ಅದು ಎಂದೂ ಗಿಟ್ಟುವುದಿಲ್ಲ. ಕರ್ನಲನ್ನು ಗಾತ್ರ ಕಡಿಮೆ ಮಾಡುವ ಆಯ್ಕೆಯಲ್ಲಿ ಕಟ್ಟಿದ್ದರೆ ಸ್ಥಿರ ಉದ್ದಕ್ಕೂ ಕಂಪೈಲರ್ ರೆಪ್-ಮೂವ್ಸ್ (ಪ್ರೊಸೆಸರೇ ಸುತ್ತಿ ನಕಲಿಸುವ ಒಂದೇ ಸೂಚನೆ) ಹಾಕಬಹುದು, ಅದರ ಆರಂಭದ ಖರ್ಚು ಪುಟ್ಟ ನಕಲಿಗೆ ಭಾರಿ. ಮ್ಯಾಕ್ ವಿಳಾಸಕ್ಕೆ ಈಥರ್-ಆಡ್ರ್-ಕಾಪಿ ಇದೆ: ಅಲೈನ್ ಆಗದ (ಓದುವ ಗಾತ್ರದ ಗುಣಕವಲ್ಲದ) ವಿಳಾಸವನ್ನು ಚುರುಕಾಗಿ ಓದಬಲ್ಲ ಪ್ರೊಸೆಸರುಗಳಲ್ಲಿ ಒಂದು 4 ಬೈಟ್, ಒಂದು 2 ಬೈಟ್, ಉಳಿದವುಗಳಲ್ಲಿ ಮೂರು 2 ಬೈಟ್. ಎರಡೂ ವಿಳಾಸಗಳು 2 ಬೈಟಿಗೆ ಅಲೈನ್ ಆಗಿರಬೇಕೆಂಬುದು ಅದರ ಷರತ್ತು.

ಉದ್ದ ಬದಲಾಗುತ್ತಿದ್ದರೂ ಬಹುಪಾಲು 20 ಎಂದು ಹಿಸ್ಟೋಗ್ರಾಂ ಹೇಳಿದರೆ, ‘20 ಆದರೆ ಸ್ಥಿರ 20ರ ನಕಲು, ಇಲ್ಲವೇ ಮಾಮೂಲಿ ನಕಲು’ ಎಂದು ಒಂದೇ ಬ್ರಾಂಚು ಹಾಕುತ್ತೇನೆ. ಇನ್ನೊಂದು ಉದ್ದವನ್ನೂ ಸೇರಿಸುವ ಆಸೆ ಬರುತ್ತದೆ. ಸೇರಿಸಬಾರದು, ಊಹೆ ತಪ್ಪುವ ಬ್ರಾಂಚುಗಳನ್ನು ನಾವೇ ಮತ್ತೆ ಹುಟ್ಟುಹಾಕಿದಂತಾಗುತ್ತದೆ.

ದುಂಡಾಗಿಸುವ ಉಪಾಯ ಅತ್ಯಂತ ಚೊಕ್ಕವಾಗಿ ಕಾಣುವುದು ಲಿನಕ್ಸ್‌ನ ನೇಬರ್ ಕೋಡಿನಲ್ಲಿ (ಪಕ್ಕದ ಯಂತ್ರಗಳ ಮ್ಯಾಕ್ ವಿಳಾಸ ನೆನಪಿಡುವ ಭಾಗ). ಹೊರಹೋಗುವ ಪ್ಯಾಕೆಟ್ಟಿಗೆ ಅಂಟಿಸಬೇಕಾದ ಈಥರ್ನೆಟ್ ಹೆಡರ್ ಎಚ್‌ಎಚ್ (ಹಾರ್ಡ್‌ವೇರ್ ಹೆಡರ್) ಕ್ಯಾಶ್‌ನಲ್ಲಿ ಸಿದ್ಧವಾಗಿರುತ್ತದೆ. ಹೆಡರ್ 14 ಬೈಟ್, ಆದರೆ ಅದು ಕೂತಿರುವುದು 16 ಬೈಟಿನ ಖಾನೆಯಲ್ಲಿ, ಕೊನೆಗೆ ಒತ್ತಿಕೊಂಡು. ಮೊದಲ 2 ಬೈಟ್ ಖಾಲಿ. ಕಳಿಸುವಾಗ ಎಸ್‌ಕೆಬಿ ಡೇಟಾ ಪಾಯಿಂಟರಿನಿಂದ 16 ಹಿಂದಕ್ಕೆ ಹೋಗಿ, ಸ್ಥಿರ 16 ಬೈಟ್ ನಕಲಿಸಿ, ಪಾಯಿಂಟರನ್ನು ಮಾತ್ರ 14 ಹಿಂದಕ್ಕೆ ಸರಿಸಲಾಗುತ್ತದೆ. ಹೆಚ್ಚುವರಿ 2 ಬೈಟ್ ಹೆಡ್‌ರೂಮಿನಲ್ಲೇ (ಡೇಟಾದ ಮುಂಚೆ ಕಾಯ್ದಿರಿಸಿದ ಜಾಗ) ಉಳಿಯುತ್ತದೆ, ತಂತಿಗೆ ಹೋಗುವುದಿಲ್ಲ. ಐಪಿ ಹೆಡರ್ 16ಕ್ಕೆ ಅಲೈನ್ ಆಗಿದ್ದರೆ ಈ ಬರಹವೂ ಅಲೈನ್ ಆಗಿ, ಎರಡು ಕ್ಯಾಶ್ ಲೈನಿಗೆ (ಕ್ಯಾಶ್‌ನ ಒಂದೊಂದು ತುಂಡು) ಹಂಚಿಹೋಗುವುದು ತಪ್ಪುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಒಂದೇ: ಹೆಡ್‌ರೂಮ್ 14 ಅಲ್ಲ, 16 ಇರಬೇಕು. ಎಲ್‌ಎಲ್-ರಿಸರ್ವ್ಡ್-ಸ್ಪೇಸ್ ಮ್ಯಾಕ್ರೋ ಲೆಕ್ಕವನ್ನು 16ರ ಗುಣಕಕ್ಕೆ ಏರಿಸುವುದು ಇದಕ್ಕೇ. ಎಸ್‌ಕೆಬಿ ಕಟ್ಟುವಾಗ ಅದನ್ನು ಬಿಟ್ಟು ‘ಈಥರ್ನೆಟ್ ತಾನೇ’ ಎಂದು ಬರಿ 14 ಕಾಯ್ದಿರಿಸಿ, ಎಸ್‌ಕೆಬಿ ಹಾಗೆಯೇ ಈ ನಕಲಿನವರೆಗೆ ಬಂದರೆ ಲಾಗ್‌ನಲ್ಲಿ ಒಂದು ಸಲ ಎಚ್ಚರಿಕೆ ಮೂಡುತ್ತದೆ, ಪ್ಯಾಕೆಟ್ ಡ್ರಾಪ್ ಆಗುತ್ತದೆ.

ಸ್ವೀಕರಿಸುವ ಕಡೆಯೂ ಇದೇ ಮಾತು. ಇಂಟೆಲ್‌ನ ಈಥರ್ನೆಟ್ ಡ್ರೈವರುಗಳು ಪುಟದಿಂದ ಹೆಡರನ್ನು ಎಸ್‌ಕೆಬಿಯ ಲೀನಿಯರ್ ಭಾಗಕ್ಕೆ ನಕಲಿಸುವಾಗ ಉದ್ದವನ್ನು ಲಾಂಗ್‌ನ ಗಾತ್ರದ (64 ಬಿಟ್ ಯಂತ್ರದಲ್ಲಿ 8 ಬೈಟ್) ಗುಣಕಕ್ಕೆ ದುಂಡಾಗಿಸುತ್ತವೆ: 54 ಬೈಟ್ ಬೇಕಿದ್ದರೆ 56 ಹೋಗುತ್ತದೆ. ಬಾಲದ 4 ಬೈಟ್, 2 ಬೈಟ್ ನೋಡುವ ಕವಲುಗಳು ಆಗ ಬೇಕಾಗುವುದಿಲ್ಲ. ಮೂಲ ಪುಟದೊಳಗಿದೆ, ಗುರಿಯಲ್ಲಿ ಬೇಕಾದಷ್ಟು ಟೇಲ್‌ರೂಮ್ (ಕೊನೆಯ ಖಾಲಿ ಜಾಗ) ಇದೆ, ಹಾಗಾಗಿ ಇದು ಸುರಕ್ಷಿತ. ಇದನ್ನೇ ಕೆಮಲಾಕ್‌ನಿಂದ (ಕರ್ನಲ್ ಮೆಮೊರಿ ಕೊಡುವ ಫಂಕ್ಷನ್) ಪಡೆದ 20 ಬೈಟಿನ ವಸ್ತುವಿನ ಮೇಲೆ ಮಾಡಿ 24 ಓದಿದರೆ ಮೆಮೊರಿ ತಪ್ಪು ಹಿಡಿಯುವ ಕೆಏಸ್ಯಾನ್ ತಕ್ಷಣ ಕೂಗುತ್ತದೆ, ಕೂಗುವುದು ಸರಿಯೂ ಹೌದು. ಗುರಿ ಬಳಕೆದಾರರ ಕಡೆಗೆ ಹೋಗುವ ಬಫರ್ ಆಗಿದ್ದರಂತೂ ಹೆಚ್ಚುವರಿ ಬೈಟುಗಳಲ್ಲಿ ಕರ್ನಲ್ ಮೆಮೊರಿ ಸೋರಬಹುದು. ಅಲ್ಲಿ ದುಂಡಾಗಿಸುವುದು ಬೇಡವೇ ಬೇಡ.

ಅಳತೆಯಲ್ಲಿ ಒಗಟಾಗಿ ಕಾಡುವುದು ಸ್ಟೋರ್ ಫಾರ್ವರ್ಡಿಂಗ್, ಅಂದರೆ ಈಗಷ್ಟೇ ಬರೆದದ್ದನ್ನು ಕ್ಯಾಶ್ ತಲುಪುವ ಮೊದಲೇ ಸ್ಟೋರ್ ಬಫರಿನಿಂದ ಓದಿಗೆ ಕೊಡುವುದು. ಮ್ಯಾಕ್ ವಿಳಾಸವನ್ನು 4 ಮತ್ತು 2 ಬೈಟಾಗಿ ಬರೆದು, ಮರುಕ್ಷಣವೇ 8 ಬೈಟಾಗಿ ಓದಿ ಹೋಲಿಸಿದರೆ, ಆ ಒಂದು ಲೋಡಿಗೆ ಬೇಕಾದ ಬೈಟುಗಳು ಬೇರೆ ಬೇರೆ ಸ್ಟೋರುಗಳಲ್ಲಿರುತ್ತವೆ. ಸ್ಟೋರ್ ಬಫರ್ ಅವನ್ನು ಜೋಡಿಸಿ ಕೊಡುವುದಿಲ್ಲ. ಸ್ಟೋರುಗಳು ಎಲ್1 (ಕೋರಿಗೆ ಅತಿ ಹತ್ತಿರದ ಕ್ಯಾಶ್) ತಲುಪುವವರೆಗೆ ಲೋಡು ಕಾಯುತ್ತದೆ, ಹತ್ತಕ್ಕೂ ಹೆಚ್ಚು ಸೈಕಲ್ ಹೋಗುತ್ತದೆ. ಅಗಲವಾಗಿ ಬರೆದು ಕಿರಿದಾಗಿ ಓದಿದರೆ ಈ ತೊಂದರೆಯಿಲ್ಲ. ಮೇಲಿನ 16 ಬೈಟಿನ ನಕಲಿನಲ್ಲಿ ಈಥರ್‌ಟೈಪ್ (ಹೆಡರಿನ ಕೊನೆಯ 2 ಬೈಟ್) ಎರಡನೇ 8 ಬೈಟಿನೊಳಗೇ ಪೂರ್ತಿ ಇರುವುದರಿಂದ ಒಡನೆ ಸಿಗುತ್ತದೆ. ನಕಲು ಚುರುಕಾದರೂ ಒಟ್ಟು ವೇಗ ಇಳಿದಿದ್ದರೆ ನಾನು ಮೊದಲು ನೋಡುವುದು ಮುಂದಿನ ಓದು ಎಷ್ಟು ಅಗಲದ್ದು ಎಂದು.

ಉದ್ದ ನಿಜಕ್ಕೂ ಗೊತ್ತಿಲ್ಲದ ಕಡೆ ಕರ್ನಲ್‌ನ ಮೆಮ್‌ಕಾಪಿಗೇ ಬಿಡುವುದು ಒಳ್ಳೆಯದು. ಈಚಿನ ಆವೃತ್ತಿಗಳಲ್ಲಿ ಎಫ್‌ಎಸ್‌ಆರ್‌ಎಂ, ಅಂದರೆ ಪುಟ್ಟ ನಕಲಿಗೂ ಚುರುಕಾದ ರೆಪ್-ಮೂವ್ಸ್, ಇರುವ ಪ್ರೊಸೆಸರುಗಳಿಗೆ (ಇಂಟೆಲ್‌ನಲ್ಲಿ ಐಸ್ ಲೇಕ್‌ನಿಂದ) ಬರಿ ರೆಪ್-ಮೂವ್ಸ್‌ಬಿ, ಉಳಿದವಕ್ಕೆ ರಿಜಿಸ್ಟರುಗಳ ಹಳೆಯ ದಾರಿ. ಯಾವುದೆಂದು ಬೂಟ್ ಆಗುವಾಗಲೇ ಕೋಡನ್ನು ತಿದ್ದಿ ತೀರ್ಮಾನವಾಗುತ್ತದೆ. ಪರೀಕ್ಷಾ ಯಂತ್ರದ ಪ್ರೊಸೆಸರ್ ಫ್ಲ್ಯಾಗುಗಳಲ್ಲಿ ಎಫ್‌ಎಸ್‌ಆರ್‌ಎಂ ಇದೆಯೇ ಎಂದು ನೋಡದೆ ಎರಡು ಯಂತ್ರಗಳ ಅಂಕಿ ಹೋಲಿಸುವುದರಲ್ಲಿ ಅರ್ಥವಿಲ್ಲ.

ಅಕ್ಕಪಕ್ಕದ ಎರಡು ಫೀಲ್ಡುಗಳನ್ನು ಒಂದೇ ಮೆಮ್‌ಕಾಪಿಯಲ್ಲಿ ದಾಟಿಸುವ ಹಳೆಯ ರೂಢಿಗೆ ಈಗ ಗಡಿ ಮೀರಿದ ನಕಲನ್ನು ಹಿಡಿಯುವ ಫೋರ್ಟಿಫೈ ತಪಾಸಣೆ ಅಡ್ಡ ಬರುತ್ತದೆ, ಫೀಲ್ಡ್ ಮೀರಿದ ಬರಹ ಎಂದು ಎಚ್ಚರಿಸುತ್ತದೆ. ಆ ಫೀಲ್ಡುಗಳನ್ನು ಒಂದು ಗುಂಪಾಗಿ ಹೆಸರಿಸುವ ಸ್ಟ್ರಕ್ಟ್-ಗ್ರೂಪ್ ಮ್ಯಾಕ್ರೋದಲ್ಲಿ ಹಾಕಿ ಗುಂಪಿನ ಹೆಸರಲ್ಲೇ ನಕಲಿಸಿದರೆ ಎಚ್ಚರಿಕೆಯೂ ಹೋಗುತ್ತದೆ, ಉದ್ದವೂ ಸ್ಥಿರವಾಗಿ ಉಳಿಯುತ್ತದೆ.

ಫಲಿತಾಂಶ ಅಳೆಯಲು ಒಂದೇ ಬಫರನ್ನು ಸುತ್ತಿ ಸುತ್ತಿ ನಕಲಿಸುವ ಲೂಪು ಬೇಡ. ಅಲ್ಲಿ ಎಲ್ಲವೂ ಎಲ್1ರಲ್ಲಿರುತ್ತದೆ, ಎಲ್ಲ ಬ್ರಾಂಚೂ ಸರಿಯಾಗಿ ಊಹೆಯಾಗುತ್ತದೆ. ಪ್ರೊಸೆಸರಿನ ವೇಗ ನಿಯಂತ್ರಿಸುವ ಗವರ್ನರನ್ನು ಪರ್ಫಾರ್ಮೆನ್ಸ್‌ಗಿಟ್ಟು, ಟರ್ಬೊ ಆಫ್ ಮಾಡಿ, ಐಆರ್‌ಕ್ಯೂವನ್ನು (ನೆಟ್‌ವರ್ಕ್ ಕಾರ್ಡಿನ ಇಂಟರಪ್ಟು) ಒಂದೇ ಕೋರಿಗೆ ಕಟ್ಟಿ, ಇನ್ನೊಂದು ಯಂತ್ರದಿಂದ ಕರ್ನಲ್‌ನ ಪ್ಯಾಕೆಟ್ ಉತ್ಪಾದಕ ಪಿಕೆಟಿಜೆನ್ ಮೂಲಕ ಹಲವು ಗಾತ್ರಗಳ ಪ್ಯಾಕೆಟ್ ಬೆರೆಸಿ ಕಳಿಸಿ, ಪ್ಯಾಕೆಟ್ ಒಂದಕ್ಕೆ ಎಷ್ಟು ಸೈಕಲ್, ಎಷ್ಟು ಬ್ರಾಂಚ್ ಮಿಸ್ ಎಂದು ಪರ್ಫ್ ಸ್ಟ್ಯಾಟ್‌ನಲ್ಲಿ ನೋಡುತ್ತೇನೆ. ಇನ್‌ಲೈನ್ ನಕಲುಗಳಿಂದ ಕೋಡ್ ಉಬ್ಬಿ ಎಲ್1 ಇನ್‌ಸ್ಟ್ರಕ್ಷನ್ ಕ್ಯಾಶ್ ಮಿಸ್ ಏರಿದ್ದರೆ ಅದೂ ಅಲ್ಲೇ ಕಾಣುತ್ತದೆ; ಆಗ ಅಪರೂಪದ ದಾರಿಗಳಲ್ಲಿ ಹಾಕಿದ ಇನ್‌ಲೈನನ್ನು ಹಿಂದಕ್ಕೆ ತೆಗೆಯುತ್ತೇನೆ.