ಸೆಕೆಂಡ್ ಹ್ಯಾಂಡ್ ಟ್ಯೂಬ್ ಆಂಪ್: ದುಡ್ಡು ಎಣಿಸುವ ಮುನ್ನ ನೋಡಬೇಕಾದ್ದು

ಹಳೆಯ ಟ್ಯೂಬ್ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವ್) ಗಿಟಾರ್ ಆಂಪ್ ಮಾರುವವರ ಬಾಯಲ್ಲಿ ಮೊದಲು ಬರುವ ಮಾತು, ‘ಹೊಸ ಟ್ಯೂಬ್ ಹಾಕಿಸಿದ್ದೇನೆ’. ಕೊಳ್ಳುವವರೂ ಅದಕ್ಕೇ ಸಮಾಧಾನಪಡುತ್ತಾರೆ. ಆದರೆ ಟ್ಯೂಬ್ ಎಂಬುದು ಸವೆಯುವ ಸಾಮಾನು, ಯಾವಾಗ ಬೇಕಾದರೂ ಬದಲಿಸಬಹುದು. ಫ್ಯೂಸ್, ಜ್ಯಾಕ್, ನಾಬ್, ಕೆಪಾಸಿಟರ್‌ಗಳೂ ಅಷ್ಟೆ. ನಿಜವಾಗಿ ಜೇಬು ಸುಡುವುದು ಟ್ರಾನ್ಸ್‌ಫಾರ್ಮರ್, ಮೂಲ ಸ್ಪೀಕರ್ ಮತ್ತು ಕರಕಲಾದ ಸರ್ಕ್ಯೂಟ್ ಬೋರ್ಡ್. ಅಗ್ಗದ ದೋಷ ಯಾವುದು, ದುಬಾರಿ ದೋಷ ಯಾವುದು ಎಂದು ಗೊತ್ತಿದ್ದರೆ ಅರ್ಧ ವ್ಯಾಪಾರ ಮುಗಿದಂತೆ.

ಮೊದಲು ವ್ಯಾಟ್ ಲೆಕ್ಕ

ಜಾಝ್‌ಗೂ ಬ್ಲೂಸ್‌ಗೂ ಬೇಕಾದ ನಾದ ಬೇರೆ. ಜಾಝ್‌ನಲ್ಲಿ ನಾಲ್ಕು–ಐದು ಸ್ವರಗಳ ಕಾರ್ಡ್ ನುಡಿಸಿದಾಗ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು. ವಾಲ್ಯೂಮ್ ಏರಿಸಿದರೂ ಧ್ವನಿ ಒಡೆಯಬಾರದು. ಬ್ಲೂಸ್ ನುಡಿಸುವವರಿಗೆ ಆ ಒಡೆಯುವ ಗಡಿಯೇ ಬೇಕು. ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಮೀಟಿದರೆ ಒರಟು.

ಹಾಗಾಗಿ ಬ್ಲೂಸ್‌ಗೆ 12ರಿಂದ 22 ವ್ಯಾಟ್ ಧಾರಾಳ. ಡ್ರಮ್ಸ್ ಜತೆ ವೇದಿಕೆಯಲ್ಲಿ ಜಾಝ್ ನುಡಿಸುವವರು 22ರಿಂದ 40 ವ್ಯಾಟ್ ನೋಡಬಹುದು. ವ್ಯಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದಿಲ್ಲ, ಬರೀ 3 ಡೆಸಿಬೆಲ್ ಹೆಚ್ಚುತ್ತದೆ. 97 ಡೆಸಿಬೆಲ್ ಸಂವೇದನೆಯ ಸ್ಪೀಕರ್ ತೆಗೆದು 100 ಡೆಸಿಬೆಲ್‌ನದ್ದು ಹಾಕಿದರೂ ಅಷ್ಟೇ ಲಾಭ. ಭಾರವಾದ ಆಂಪ್‌ಗೆ ಕೈಹಾಕುವ ಮುನ್ನ ಇದು ನೆನಪಿರಲಿ.

ಇನ್ನೊಂದು ಮಾತು. ಈ ಎರಡು ಸಂಗೀತಕ್ಕೂ ಟ್ಯೂಬ್ ಇದ್ದೇ ತೀರಬೇಕು ಎಂಬ ನಂಬಿಕೆಗೆ ಆಧಾರ ಕಡಿಮೆ. ಜಾಝ್ ಗಿಟಾರ್ ವಾದಕ ಜೋ ಪಾಸ್ ನುಡಿಸಿದ ಪಾಲಿಟೋನ್, ಬ್ಲೂಸ್‌ನ ಬಿ.ಬಿ. ಕಿಂಗ್ ಬಹುಕಾಲ ಬಳಸಿದ ಲ್ಯಾಬ್ ಸೀರೀಸ್ ಎಲ್5, ಎರಡೂ ಟ್ರಾನ್ಸಿಸ್ಟರ್ ಆಂಪ್‌ಗಳೇ. ಪೂರ್ತಿ ಸ್ವಚ್ಛ ನಾದವಷ್ಟೇ ಬೇಕು, ರಿಪೇರಿಯ ತಲೆನೋವು ಬೇಡ ಎನ್ನುವವರು ಇಲ್ಲಿಗೇ ಓದು ನಿಲ್ಲಿಸಿ ಹಳೆಯ ರೋಲ್ಯಾಂಡ್ ಜೆಸಿ-120 ಹುಡುಕಿಕೊಂಡರೂ ತಪ್ಪಿಲ್ಲ.

ಯಾವ ಮಾಡೆಲ್?

ಎರಡೂ ಸಂಗೀತಕ್ಕೆ ಒಂದೇ ಆಂಪ್ ಸಾಕು ಎನ್ನುವವರಿಗೆ ಫೆಂಡರ್ ಡೀಲಕ್ಸ್ ರಿವರ್ಬ್‌ಗಿಂತ ಒಳ್ಳೆಯ ಆಯ್ಕೆ ಸಿಗುವುದು ಕಷ್ಟ. 22 ವ್ಯಾಟ್, ಎರಡು 6ವಿ6 ಪವರ್ ಟ್ಯೂಬ್, 12 ಇಂಚಿನ ಒಂದು ಸ್ಪೀಕರ್, ತೂಕ ಸುಮಾರು 19 ಕೆ.ಜಿ. 1963ರಿಂದ 1967ರವರೆಗಿನ ಕಪ್ಪು ಮುಖಫಲಕದವು ಸಂಗ್ರಾಹಕರ ಕೈಸೇರಿ ಬೆಲೆ ಗಗನಕ್ಕೇರಿದೆ. 1968ರ ನಂತರದ ಬೆಳ್ಳಿ ಮುಖದವು ಅಗ್ಗ. ಸರ್ಕ್ಯೂಟ್‌ನಲ್ಲಿ ವ್ಯತ್ಯಾಸ ಅಲ್ಪ. ನುಡಿಸಲಿಕ್ಕೇ ಕೊಳ್ಳುವವರಿಗೆ ಬೆಳ್ಳಿ ಮುಖದ್ದೋ, 1990ರ ದಶಕದಿಂದ ಬರುತ್ತಿರುವ ಮರುತಯಾರಿಕೆಯೋ ಸಾಕು.

ಇದರ ಎರಡು ಚಾನೆಲ್‌ಗಳು ಒಂದೇ ಥರ ನುಡಿಯುವುದಿಲ್ಲ. ರಿವರ್ಬ್ (ಮಾರ್ದನಿಯ ಪರಿಣಾಮ) ಇರುವ ವೈಬ್ರೆಟೊ ಚಾನೆಲ್‌ನ ವಾಲ್ಯೂಮ್ ನಾಬ್‌ಗೆ 47 ಪಿಕೊಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಜೋಡಿಸಿರುತ್ತಾರೆ. ವಾಲ್ಯೂಮ್ ಕಡಿಮೆ ಇದ್ದಾಗ ಅದು ತಾರದ ಸ್ವರಗಳನ್ನು ಹೆಚ್ಚಾಗಿ ದಾಟಿಸಿ ನಾದವನ್ನು ಚುಚ್ಚುವಂತೆ ಮಾಡುತ್ತದೆ. ವಾಲ್ಯೂಮ್ ಏರಿದಂತೆ ಅದರ ಪ್ರಭಾವ ಕರಗುತ್ತದೆ. ಮನೆಯಲ್ಲಿ ಸಣ್ಣ ಸದ್ದಿನಲ್ಲಿ ಜಾಝ್ ನುಡಿಸುವವರು ನಾರ್ಮಲ್ ಚಾನೆಲ್‌ಗೇ ಕೇಬಲ್ ಚುಚ್ಚಲಿ. ರಿವರ್ಬ್ ಸಿಗದಿದ್ದರೂ ನಾದ ದುಂಡಗಿರುತ್ತದೆ.

ಪ್ರಿನ್ಸ್‌ಟನ್ ರಿವರ್ಬ್ ಇದರ ತಮ್ಮ: 12–15 ವ್ಯಾಟ್, 10 ಇಂಚಿನ ಸ್ಪೀಕರ್. ಬ್ಲೂಸ್ ರೆಕಾರ್ಡಿಂಗ್‌ಗೆ ಅದ್ಭುತ, ಡ್ರಮ್ಸ್ ಎದುರು ಬಡಪಾಯಿ. ಟ್ವಿನ್ ರಿವರ್ಬ್ (85 ವ್ಯಾಟ್, ನಾಲ್ಕು 6ಎಲ್6 ಟ್ಯೂಬ್) ಒಡೆಯುವುದೇ ಇಲ್ಲ ಎನ್ನುವಷ್ಟು ಸ್ವಚ್ಛ. ಆದರೆ ತೂಕ ಸುಮಾರು 29 ಕೆ.ಜಿ., ಎರಡನೇ ಮಹಡಿಗೆ ಹೊರುವವರು ಯಾರು? ಎಪ್ಪತ್ತರ ದಶಕದ ಕೊನೆಯ 135 ವ್ಯಾಟ್‌ನ ಟ್ವಿನ್ ಅಗ್ಗಕ್ಕೆ ಸಿಕ್ಕರೂ ಮನೆಗೆ ಬೇಡ.

ಕಡಿಮೆ ಬಜೆಟ್‌ನಲ್ಲಿ ಫೆಂಡರ್‌ನವೇ ಎರಡು ಹೆಸರು ಪದೇ ಪದೇ ಎದುರಾಗುತ್ತವೆ. ಬ್ಲೂಸ್ ಜೂನಿಯರ್ 15 ವ್ಯಾಟ್‌ನದ್ದು, ಎರಡು ಇಎಲ್84 ಟ್ಯೂಬ್. ಬಯಸ್ (ನುಡಿಸದಿದ್ದಾಗಲೂ ಪವರ್ ಟ್ಯೂಬ್‌ನಲ್ಲಿ ಹರಿಯುವ ಕರೆಂಟ್‌ನ ಮಟ್ಟ) ಹೊಂದಿಸುವ ತಿರುಗಣೆ ಅದರಲ್ಲಿಲ್ಲ. ಟ್ಯೂಬ್‌ಗಳನ್ನು ಬಿಸಿಯಾಗಿಯೇ ಓಡಿಸುತ್ತದೆ, ಆದ್ದರಿಂದ ಬೇಗ ಸವೆಯುತ್ತವೆ. ಜಾಝ್‌ಗೆ ಇದು ಬೇಗ ಒಡೆಯುತ್ತದೆ ಅನ್ನಿಸಿದರೆ ಮೊದಲ ಪ್ರಿಆಂಪ್ ಟ್ಯೂಬ್ (ಗಿಟಾರ್‌ನ ದುರ್ಬಲ ಸಂಕೇತವನ್ನು ಹಿಗ್ಗಿಸುವ ಸಣ್ಣ ಟ್ಯೂಬ್) ಆದ 12ಎಎಕ್ಸ್7 ತೆಗೆದು 5751 ಹಾಕಿ ನೋಡಿ. 12ಎಎಕ್ಸ್7ರ ವರ್ಧನೆ 100 ಎಂದಾದರೆ ಇದರದ್ದು 70. ಎರಡನೆಯದು 40 ವ್ಯಾಟ್‌ನ ಹಾಟ್ ರಾಡ್ ಡೀಲಕ್ಸ್. ಅದರ ಬೋರ್ಡ್ ಮೇಲೆ 470 ಓಮ್, 5 ವ್ಯಾಟ್‌ನ ಎರಡು ರೆಸಿಸ್ಟರ್‌ಗಳಿವೆ. ಅವು ವಿಪರೀತ ಕಾಯುವುದರಿಂದ ಕಾಲಕ್ರಮೇಣ ಬೆಸುಗೆ ಬಿರುಕು ಬಿಡುತ್ತದೆ. ರಿವರ್ಬ್ ಮಾಯವಾಗುವುದು, ಚಾನೆಲ್ ಬದಲಾಗದಿರುವುದು, ಸದ್ದು ಬಂದು ಹೋಗಿ ಮಾಡುವುದು ಇದರ ಲಕ್ಷಣ. ಮರುಬೆಸುಗೆ ಹಾಕಿದರೆ ಸರಿಹೋಗುವ ಕಾಯಿಲೆಯಾದ್ದರಿಂದ ಇದನ್ನು ಚೌಕಾಸಿಗೆ ಬಳಸಿಕೊಳ್ಳಿ.

ವೋಲ್ಟೇಜ್: ನಮ್ಮವರು ಎಡವುವ ಜಾಗ

ಅಮೆರಿಕದಿಂದ ಊರಿಗೆ ಬರುವ ಬಂಧುಗಳ ಸೂಟ್‌ಕೇಸ್ ಜತೆ ಆಂಪ್ ತರಿಸಿಕೊಳ್ಳುವವರು ಬೆಂಗಳೂರು, ಮೈಸೂರುಗಳಲ್ಲಿ ಕಡಿಮೆಯಿಲ್ಲ. ಆ ಆಂಪ್ ದುಡಿಯುವುದು 120 ವೋಲ್ಟ್, 60 ಹರ್ಟ್ಸ್‌ನಲ್ಲಿ. ನಮ್ಮ ಗೋಡೆಯ ಪ್ಲಗ್‌ನಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ನೇರವಾಗಿ ಚುಚ್ಚಿದರೆ ಅದೃಷ್ಟವಿದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಪವರ್ ಟ್ರಾನ್ಸ್‌ಫಾರ್ಮರ್. ಆದ್ದರಿಂದ ಹಿಂಬದಿಯ ಫಲಕದಲ್ಲಿ ಮುದ್ರಿಸಿರುವ ವೋಲ್ಟೇಜ್‌ನ ಫೋಟೊ ಮೊದಲೇ ತರಿಸಿಕೊಳ್ಳಿ.

120 ವೋಲ್ಟ್‌ನದ್ದಾದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಫಲಕದಲ್ಲಿ ಬರೆದಿರುವ ವ್ಯಾಟ್‌ನ ಒಂದೂವರೆಯಿಂದ ಎರಡು ಪಟ್ಟು ಸಾಮರ್ಥ್ಯದ್ದನ್ನು, ಅರ್ತ್ ತಂತಿ ಒಳಗಿನಿಂದ ಹೊರಗಿನವರೆಗೂ ಮುಂದುವರಿದಿರುವುದನ್ನು ಕೊಳ್ಳಿ. ಪ್ರವಾಸಿಗರಿಗೆಂದು ಮಾರುವ ಅಂಗೈಯಗಲದ ಎಲೆಕ್ಟ್ರಾನಿಕ್ ಕನ್ವರ್ಟರ್‌ಗಳು ಕೂದಲು ಒಣಗಿಸುವ ಯಂತ್ರಕ್ಕೆ ಸರಿ, ಆಂಪ್‌ಗೆ ಅಲ್ಲ. 60 ಹರ್ಟ್ಸ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಕಾಯುತ್ತದೆ. ಹಾಗಾಗಿ 120ಕ್ಕಿಂತ 110 ವೋಲ್ಟ್ ಕೊಡುವುದೇ ಕ್ಷೇಮ. ಆಗ ಟ್ಯೂಬ್‌ಗಳ ಹೀಟರ್‌ಗೆ 6.3ರ ಬದಲು ಸುಮಾರು 5.8 ವೋಲ್ಟ್ ಸಿಗುತ್ತದೆ, ಅಷ್ಟನ್ನು ಅವು ತಾಳುತ್ತವೆ. 100 ವೋಲ್ಟ್‌ಗೆ ಇಳಿಸಿದರೆ ಹೀಟರ್ ಸೊರಗುತ್ತದೆ.

ಅರವತ್ತರ ದಶಕದ ಅಮೆರಿಕನ್ ಆಂಪ್‌ಗಳಲ್ಲಿ ಎರಡೇ ಪಿನ್ ವೈರ್ ಇರಬಹುದು. ಜತೆಗೆ ಮುಖ್ಯ ಲೈನ್‌ನಿಂದ ಲೋಹದ ಚಾಸಿಗೆ (ಒಳಚೌಕಟ್ಟಿಗೆ) ಒಂದು ಕೆಪಾಸಿಟರ್ ಜೋಡಿಸಿರುತ್ತಾರೆ. ಅದು ಶಾರ್ಟ್ ಆದರೆ ಗಿಟಾರ್‌ನ ತಂತಿಗಳಿಗೇ ಕರೆಂಟ್ ಬರುತ್ತದೆ. ನುಡಿಸುವ ಮೊದಲೇ ಮೂರು ಪಿನ್ ವೈರ್ ಹಾಕಿಸಿ, ಆ ಕೆಪಾಸಿಟರ್ ಕಿತ್ತುಹಾಕಿಸಬೇಕು. ‘ಮೂಲರೂಪ ಹಾಳಾಗುತ್ತದೆ’ ಎಂದು ಮಾರುವವರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಸ್ವಿಚ್ ಹಾಕುವ ಮೊದಲು

ಟಾರ್ಚ್ ಹಿಡಿದು ಹಿಂಬದಿಯಿಂದ ನೋಡಿ. ಚಾಸಿಯನ್ನು ಮಾತ್ರ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಉಳಿದಿರಬಹುದು.

ಫ್ಯೂಸ್ ಹೊರತೆಗೆದು ಅದರ ಮೇಲಿನ ಅಂಕಿಯನ್ನು ಫಲಕದ ಅಂಕಿಯೊಂದಿಗೆ ಹೋಲಿಸಿ. 2 ಆಂಪಿಯರ್ ಇರಬೇಕಾದಲ್ಲಿ 5 ಇದ್ದರೆ, ಅಥವಾ ಬೆಳ್ಳಿ ಕಾಗದ ಸುತ್ತಿದ್ದರೆ, ಫ್ಯೂಸ್ ಪದೇ ಪದೇ ಹೋಗುತ್ತಿತ್ತು ಎಂದೇ ಅರ್ಥ. ಕಾರಣ ತಿಳಿಯುವವರೆಗೆ ಆ ಆಂಪ್ ಬೇಡ. ಟ್ರಾನ್ಸ್‌ಫಾರ್ಮರ್ ಹತ್ತಿರ ಮೂಗು ಒಯ್ದು ನೋಡಿ. ಸುಟ್ಟ ವಾರ್ನಿಷ್ ವಾಸನೆ, ಮೇಣದಂತೆ ಒಸರಿದ ಕಲೆ ಇದ್ದರೆ ಕೇಡು.

ಸ್ಪೀಕರ್‌ನ ಕೋನ್ ಮೇಲೆ ಎರಡೂ ಕೈಗಳ ಬೆರಳನ್ನು ಸಮನಾಗಿಟ್ಟು ಮೆಲ್ಲಗೆ ಒಳಕ್ಕೆ ಒತ್ತಿ. ಪರಪರ ಎಂದು ಉಜ್ಜಿದರೆ ಕಾಯಿಲ್ ಓರೆಯಾಗಿದೆ, ಮರುಕೋನ್ ಮಾಡಿಸಬೇಕು. ವೈರ್ ಕಳಚಿ ಮಲ್ಟಿಮೀಟರ್ ಇಟ್ಟರೆ 8 ಓಮ್‌ನ ಸ್ಪೀಕರ್ ಸಾಮಾನ್ಯವಾಗಿ 6ರಿಂದ 7 ಓಮ್ ತೋರಿಸುತ್ತದೆ. ಮತ್ತೆ ಜೋಡಿಸಲು ಮರೆಯಬೇಡಿ. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸಾಯುತ್ತದೆ.

‘1966ರದ್ದು’ ಎಂದು ಹೇಳಿ ಮಾರುತ್ತಿದ್ದರೆ ಅಂಕಿಗಳನ್ನು ಓದಿ. ಹಳೆಯ ಅಮೆರಿಕನ್ ಬಿಡಿಭಾಗಗಳ ಮೇಲೆ ತಯಾರಕರ ಸಂಕೇತ, ವರ್ಷ, ವಾರ ಈ ಕ್ರಮದಲ್ಲಿ ಮುದ್ರಿತವಾಗಿರುತ್ತವೆ. ಸ್ಪೀಕರ್ ಮೇಲಿನ 220 ಎಂದರೆ ಜೆನ್ಸನ್, 465 ಎಂದರೆ ಆಕ್ಸ್‌ಫರ್ಡ್. ಟ್ರಾನ್ಸ್‌ಫಾರ್ಮರ್ ಮೇಲಿನ 606 ಎಂದರೆ ಶೂಮಾಕರ್. ನಾಬ್‌ನ ಹಿಂದೆ 137 6612 ಎಂದಿದ್ದರೆ ಅದು ಸಿಟಿಎಸ್ ಕಂಪನಿ 1966ರ ಹನ್ನೆರಡನೇ ವಾರ ಮಾಡಿದ್ದು. ಬಿಡಿಭಾಗಗಳ ತಾರೀಕು ಆಂಪ್‌ಗಿಂತ ಕೆಲವು ತಿಂಗಳು ಹಿಂದಿರುವುದು ಸಹಜ. ಮುಂದಿದ್ದರೆ ಆ ಭಾಗ ಬದಲಾಗಿದೆ.

ಕರಾವಳಿಯಲ್ಲಿ ಇಟ್ಟಿದ್ದ ಆಂಪ್ ಆದರೆ ತುಕ್ಕು ವಿಶೇಷವಾಗಿ ನೋಡಿ. ರಿವರ್ಬ್ ಪೆಟ್ಟಿಗೆಯ ಸ್ಪ್ರಿಂಗ್, ಟ್ಯೂಬ್ ಸಾಕೆಟ್‌ಗಳಿಗೆ ಮೊದಲ ಪೆಟ್ಟು.

ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದಿದ್ದ ಆಂಪ್‌ಗೆ ಏಕಾಏಕಿ ಕರೆಂಟ್ ಕೊಡಬಾರದು. ಬಳಕೆಯಿಲ್ಲದೆ ದುರ್ಬಲವಾದ ಫಿಲ್ಟರ್ ಕೆಪಾಸಿಟರ್ (ಒಳಗಿನ ವೋಲ್ಟೇಜ್‌ನ ಏರಿಳಿತ ಸಮಮಾಡುವುದು) ಸಿಡಿಯಬಹುದು. ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬಲ್ಬ್ (ಆಂಪ್‌ಗೆ ಹೋಗುವ ಕರೆಂಟ್ ದಾಟಿ ಬರುವಂತೆ ನಡುವೆ ಜೋಡಿಸುವ ಬಲ್ಬ್) ಇಲ್ಲಿ ಕೆಲಸಕ್ಕೆ ಬರುತ್ತದೆ. 60–100 ವ್ಯಾಟ್‌ನ ತಂತಿಯ ಬಲ್ಬ್ ಇರಲಿ, ಎಲ್‌ಇಡಿ ಆಗದು. ಒಮ್ಮೆ ಹೊಳೆದು ಮಂದವಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ.

ಕರೆಂಟ್ ಕೊಟ್ಟ ಮೇಲೆ

ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಗಿಟಾರ್ ಚುಚ್ಚದೆ, ಎಲ್ಲ ವಾಲ್ಯೂಮ್ ಸೊನ್ನೆಗೆ ತಂದು ಕಿವಿಗೊಡಿ. ಅಲ್ಪ ಗುಂಯ್ ಸದ್ದು ಸಹಜ. ವಾಲ್ಯೂಮ್ ಸೊನ್ನೆಯಲ್ಲೂ ಜೋರಾಗಿ, ತುಸು ಕರ್ಕಶವಾಗಿ ಗುಂಯ್‌ಗುಟ್ಟಿದರೆ ಅದು 100 ಹರ್ಟ್ಸ್‌ನದ್ದು: ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರುತ್ತವೆ, ಇಲ್ಲವೇ ಪವರ್ ಟ್ಯೂಬ್‌ಗಳು ಜೋಡಿಯಾಗಿ ಹೊಂದಿಲ್ಲ. ಕೆಪಾಸಿಟರ್ ಸೋತಿರುವುದನ್ನು ನುಡಿಸಿಯೂ ಪತ್ತೆಹಚ್ಚಬಹುದು. ವಾಲ್ಯೂಮ್ ಏರಿಸಿ, ಸಣ್ಣ ತಂತಿಯ ಮೇಲ್ಭಾಗದ ಸ್ವರವೊಂದನ್ನು ದೀರ್ಘವಾಗಿ ಹಿಡಿಯಿರಿ. ಆ ಸ್ವರದ ಕೆಳಗೆ ಶ್ರುತಿಗೆ ಸೇರದ ಇನ್ನೊಂದು ಮಂದ್ರ ಧ್ವನಿ ದೆವ್ವದಂತೆ ಜತೆಗೂಡಿದರೆ ಕೆಪಾಸಿಟರ್ ಬದಲಿಸುವ ಕಾಲ ಬಂದಿದೆ. ಹದಿನೈದು–ಇಪ್ಪತ್ತು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಕೆಲಸವಿದು. ಮಾಡಿಸಿಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಈಗ ಕೋಣೆಯ ದೀಪ ಆರಿಸಿ ಪವರ್ ಟ್ಯೂಬ್‌ಗಳನ್ನು ನೋಡಿ. ಹೀಟರ್‌ನ ಕಿತ್ತಳೆ ಬೆಳಕು ಇರಬೇಕಾದ್ದೇ. ಗಾಜಿನ ಒಳಮೈಯಲ್ಲಿ ನೀಲಿ ಹೊಳಪು ಕಂಡರೂ ಹೆದರಬೇಡಿ. ಆದರೆ ಬೂದು ಬಣ್ಣದ ಲೋಹದ ಪ್ಲೇಟ್ ಮೇಲೆಯೇ ಕೆಂಪು ಮಚ್ಚೆ ಮೂಡಿ ಹರಡತೊಡಗಿದರೆ ತಕ್ಷಣ ಸ್ವಿಚ್ ಆರಿಸಿ. ಟ್ಯೂಬ್‌ನ ಕರೆಂಟ್ ನಿಯಂತ್ರಿಸುವ ಗ್ರಿಡ್‌ಗೆ ಸಿಗಬೇಕಾದ ಋಣ ವೋಲ್ಟೇಜ್ ತಪ್ಪಿದೆ. ಬಯಸ್ ಕೆಪಾಸಿಟರ್ ಕೆಟ್ಟಿರಬಹುದು, ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿರಬಹುದು. ಟ್ಯೂಬ್ ಬದಲಿಸಿದರೆ ಹೊಸದೂ ಹಾಗೇ ಸುಡುತ್ತದೆ. ಟ್ಯೂಬ್‌ನ ಮೇಲ್ಭಾಗದ ಬೆಳ್ಳಿ ಕನ್ನಡಿಯಂಥ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ನುಗ್ಗಿದೆ, ಆ ಟ್ಯೂಬ್ ಸತ್ತಂತೆ.

ವಾಲ್ಯೂಮ್ 3–4ರಲ್ಲಿಟ್ಟು ಪೆನ್ಸಿಲ್‌ನ ಹಿಂಬದಿಯಿಂದ ಸಣ್ಣ ಟ್ಯೂಬ್‌ಗಳನ್ನು ಒಂದೊಂದಾಗಿ ತಟ್ಟಿ. ಸ್ಪೀಕರ್‌ನಲ್ಲಿ ‘ಟಿಕ್’ ಎಂದರೆ ತೊಂದರೆಯಿಲ್ಲ, ಗಂಟೆಯಂತೆ ಮೊಳಗಿದರೆ ಬದಲಿಸಿ. ನಾಬ್ ತಿರುಗಿಸಿದಾಗ ಕರಕರ ಎಂದರೆ ಬಹುತೇಕ ಧೂಳು. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುತ್ತದೆ. ಸ್ವಚ್ಛ ಮಾಡಿದ ಮೇಲೂ ಹೋಗದಿದ್ದರೆ ಕೆಪಾಸಿಟರ್ ಒಂದರಿಂದ ಡಿಸಿ ಸೋರುತ್ತಿದೆ. ರಿವರ್ಬ್ ಕೆಲಸ ಮಾಡದಿದ್ದರೆ ಬಹಳ ಸಲ ಅದು ಪೆಟ್ಟಿಗೆಯ ಕೇಬಲ್ ಕಳಚಿದ್ದಷ್ಟೆ.

ಕಡೆಗೆ ನುಡಿಸಿ, ಕನಿಷ್ಠ ಮುಕ್ಕಾಲು ಗಂಟೆ. ಬಿರುಕುಬಿಟ್ಟ ಬೆಸುಗೆ, ಸೋರುವ ಕೆಪಾಸಿಟರ್, ದುರ್ಬಲ ಟ್ರಾನ್ಸ್‌ಫಾರ್ಮರ್ ಎಲ್ಲವೂ ಕಾದ ಮೇಲೆಯೇ ಬಣ್ಣ ಬಯಲು ಮಾಡುವುದು. ಜಾಝ್‌ನವರು ದಪ್ಪ ತಂತಿಗಳ ಮೇಲೆ ಕಾರ್ಡ್ ಹಿಡಿದು ವಾಲ್ಯೂಮ್ ಹಂತಹಂತವಾಗಿ ಏರಿಸಲಿ, ಸ್ವರಗಳು ಎಲ್ಲಿ ಕಲಸಿಹೋಗುತ್ತವೆ ಎಂದು ಗುರುತಿಸಿಕೊಳ್ಳಲಿ. ಟೊಳ್ಳು ಗಿಟಾರ್‌ನ ಹಂಬಕರ್ ಪಿಕಪ್ ಆದರೆ ಆ ಗಡಿ ಬೇಗ ಬರುತ್ತದೆ. ಬ್ಲೂಸ್‌ನವರು ವಾಲ್ಯೂಮ್ 5–6ರಲ್ಲಿಟ್ಟು ಗಟ್ಟಿಯಾಗಿ ಮೀಟಲಿ, ಆಮೇಲೆ ಗಿಟಾರ್‌ನ ವಾಲ್ಯೂಮ್ ಅರ್ಧಕ್ಕಿಳಿಸಲಿ. ನಾದ ಹಂತಹಂತವಾಗಿ ತಿಳಿಯಾಗಬೇಕು. ಒಮ್ಮೆಲೇ ಸತ್ತಂತಾದರೆ ಪ್ರಿಆಂಪ್ ಟ್ಯೂಬ್ ಬದಲಿಸಿ ನೋಡಬೇಕು.

ಮನೆಗೆ ತಂದ ಮೇಲೆ

ಸಾಗಿಸುವಾಗ ಟ್ಯೂಬ್‌ಗಳನ್ನು ಕಿತ್ತು, ಯಾವುದು ಯಾವ ಸಾಕೆಟ್‌ನದ್ದು ಎಂದು ಬರೆದು, ಬೇರೆ ಸುತ್ತಿಡಿ. ಬಯಸ್ ಅಳೆಯಿಸಿ: ಪ್ಲೇಟ್ ವೋಲ್ಟೇಜ್ ಮತ್ತು ಟ್ಯೂಬ್‌ನಲ್ಲಿ ಹರಿಯುವ ಕರೆಂಟ್‌ನ ಗುಣಲಬ್ಧ ಆ ಟ್ಯೂಬ್‌ನ ಗರಿಷ್ಠ ಮಿತಿಯ ಶೇ 60ರಿಂದ 70ರಷ್ಟಿರಬೇಕು. 30 ವ್ಯಾಟ್‌ನ 6ಎಲ್6ಜಿಸಿಗೆ ಅದು 18ರಿಂದ 21 ವ್ಯಾಟ್.

ಹೊಸ ಟ್ಯೂಬ್‌ಗಳು ಈಗ ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬರುತ್ತವೆ. ವಾಲ್ವ್ ರೇಡಿಯೊ ಕಾಲದಲ್ಲಿ ಬೆಂಗಳೂರಿನ ಬಿಇಎಲ್ ಕೂಡ ತಯಾರಿಸುತ್ತಿತ್ತು. ಆ ಹೆಸರು ಅಚ್ಚಾದ ಇಎಲ್84, ಇಸಿಸಿ83 ಹಳೆಯ ರೇಡಿಯೊ ರಿಪೇರಿ ಅಂಗಡಿಗಳ ಡಬ್ಬಗಳಲ್ಲಿ ಇನ್ನೂ ಸಿಕ್ಕರೆ ಬಿಡಬೇಡಿ: ಇಸಿಸಿ83 ಎಂಬುದು 12ಎಎಕ್ಸ್7ರ ಯುರೋಪಿನ ಹೆಸರು, ಸಾಕೆಟ್‌ಗೆ ನೇರವಾಗಿ ಕೂರುತ್ತದೆ. ಟೆಸ್ಟರ್ ಮೇಲಿಟ್ಟು ನೋಡಿದ ಮೇಲಷ್ಟೇ ದುಡ್ಡು ಕೊಡಿ.