ಬೀಗದೊಳಗೆ ಮುರಿದ ಕೀ: ವೆಲ್ಡಿಂಗ್ ಬೇಡ, ಹಳೆ ಆಕ್ಸಾ ಬ್ಲೇಡ್ ಸಾಕು

ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆ ಹಿಡಿದರೆ ಕೊಡಗಿನಲ್ಲಿ ಸಲೀಸಾಗಿ ತೆರೆಯುವ ಬೀಗ ಸಿಗುವುದೇ ಅಪರೂಪ. ತೋಟದ ಗೇಟು, ಗೊಬ್ಬರದ ಶೆಡ್ಡು, ಪಂಪ್‌ಹೌಸು, ಎಲ್ಲ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದ ಬೀಗಗಳು ತುಕ್ಕು ಹಿಡಿದು ಕೂತಿರುತ್ತವೆ. ಕೀ ತಿರುಗುವುದಿಲ್ಲ, ನಾವು ಬಿಡುವುದಿಲ್ಲ. ಕೊನೆಗೆ ಕೀಯ ತಲೆ ನಮ್ಮ ಕೈಯಲ್ಲಿ, ಉಳಿದ ತುಂಡು ಬೀಗದ ಹೊಟ್ಟೆಯಲ್ಲಿ.

ಆ ತುಂಡನ್ನು ಎಳೆದು ತೆಗೆಯುವ ಕೊಕ್ಕೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಇದಕ್ಕೆ ವೆಲ್ಡಿಂಗ್ ಸೆಟ್ ಬೇಕೆಂದು ಹಿಂಜರಿಯುವವರಿದ್ದಾರೆ. ಆದರೆ ಇದು ಒಂದೇ ಪಟ್ಟಿಯ ಉಪಕರಣ, ಬೆಸೆಯಲು ಎರಡನೇ ತುಂಡೇ ಇಲ್ಲ. ಕೆಲಸವೆಲ್ಲ ಉಜ್ಜಿ ಸವೆಸುವುದರಲ್ಲಿದೆ. ಬೆಸುಗೆಯ ಬಿಸಿ ತಾಗಿದರೆ ತೆಳು ಉಕ್ಕಿನ ಗಡಸುತನವೇ ಹೋಗಿಬಿಡುತ್ತದೆ.

ಮೊದಲು ಬೀಗ ಯಾವ ಜಾತಿಯದು ನೋಡಿ. ದುಂಡು ಕಾಂಡದ, ತುದಿಗೆ ಹಲ್ಲಿರುವ ಕೀ ಹಾಕುವ ಹಳೆಯ ಲಿವರ್ ಬೀಗವಾದರೆ, ತೂತು ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿದರೆ ತುಂಡು ಎಷ್ಟೋ ಸಲ ತಾನಾಗಿಯೇ ಬೀಳುತ್ತದೆ. ಕಬ್ಬಿಣದ ಕೀಗೆ ಆಯಸ್ಕಾಂತವನ್ನೂ ಪ್ರಯೋಗಿಸಬಹುದು, ಹಿತ್ತಾಳೆಗೆ ಅದು ನಡೆಯದು. ಗರಗಸದಂತೆ ಏರಿಳಿತವಿರುವ ಚಪ್ಪಟೆ ಕೀಯದ್ದಾದರೆ ಅದು ಪಿನ್ ಬೀಗ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇಂದಿಗೂ ಇದರೊಳಗಿದೆ. ಸ್ಪ್ರಿಂಗ್ ಒತ್ತುವ ಪಿನ್‌ಗಳು ಕೀಯ ಕಚ್ಚುಗಳಲ್ಲಿ ಕೂರುತ್ತವೆ, ಕೀಯ ಎತ್ತರ ಸರಿಯಿದ್ದರೆ ನಡುವಿನ ಉರುಳೆ ತಿರುಗುತ್ತದೆ.

ಇಲ್ಲೊಂದು ಮುಖ್ಯ ಸಂಗತಿ. ಉರುಳೆ ಅರ್ಧ ತಿರುಗಿದಾಗ ಕೀ ಮುರಿದಿದ್ದರೆ, ಪಿನ್‌ಗಳಿಗೆ ಮೇಲೆ ಸರಿಯಲು ಜಾಗವಿರುವುದಿಲ್ಲ, ಎಷ್ಟು ಎಳೆದರೂ ತುಂಡು ಬಾರದು. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಉರುಳೆಯನ್ನು ಕೀ ಹಾಕುವ ಸ್ಥಾನಕ್ಕೆ ತಿರುಗಿಸಿ. ಇದನ್ನು ಮರೆತವರೇ ಕೊಕ್ಕೆಯನ್ನು ಬಯ್ಯುವುದು.

ಇನ್ನು ಕೊಕ್ಕೆಗೆ ಬೇಕಾದ ಉಕ್ಕು. ಆಕ್ಸಾ ಬ್ಲೇಡ್, ಅಂದರೆ ಕಬ್ಬಿಣ ಕೊಯ್ಯುವ ಗರಗಸದ ಅಲಗು, ಸುಮಾರು 0.6 ಮಿಲಿಮೀಟರ್ ದಪ್ಪ. ಗಡಸು ಜಾತಿಯದು ಚಟ್ಟನೆ ಸಿಡಿಯುತ್ತದೆ, ಬಾಗುವ ಜಾತಿಯದನ್ನೇ ಆರಿಸಿ. ಕಾರಿನ ಹಳೆ ವೈಪರ್ ರಬ್ಬರಿನ ಪಕ್ಕದಲ್ಲಿರುವ ಉಕ್ಕಿನ ಪಟ್ಟಿಯೂ ಆದೀತು. ಬ್ಲೇಡನ್ನು ವೈಸಿನಲ್ಲಿ ಹಿಡಿಸಿ, ಕಣ್ಣಿಗೆ ಕನ್ನಡಕ ಹಾಕಿ, ಬಟ್ಟೆ ಸುತ್ತಿ ಮುರಿಯಿರಿ. ತೂತಿರುವ ತುದಿ ನಿಮ್ಮ ತುಂಡಿಗೇ ಬರಲಿ, ಅದು ಹಿಡಿಯಾಗುತ್ತದೆ. ಒಟ್ಟು ಉದ್ದ ಒಂದು ಗೇಣಿಗಿಂತ ಕಡಿಮೆಯಿದ್ದರೆ ಕೈಗೆ ಹದ.

ಸಾಣೆಕಲ್ಲಿಗೆ ಹಿಡಿದು ಮೊದಲು ಹಲ್ಲುಗಳನ್ನು ತೆಗೆಯಿರಿ. ತುದಿಯ ಆರೇಳು ಸೆಂಟಿಮೀಟರನ್ನು ಮೂರು ಮಿಲಿಮೀಟರ್ ಅಗಲಕ್ಕೆ ಇಳಿಸಿ. ಎರಡು ಮೂರು ಸೆಕೆಂಡಿಗೊಮ್ಮೆ ಪಕ್ಕದಲ್ಲಿಟ್ಟ ನೀರಿಗೆ ಅದ್ದಲೇಬೇಕು. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಆ ಭಾಗ ಮೆತ್ತಗಾಗಿದೆ ಎಂದರ್ಥ, ಅಷ್ಟನ್ನು ಕತ್ತರಿಸಿ ಮುಂದುವರಿಯಿರಿ. ಸಾಣೆಕಲ್ಲು ಇಲ್ಲದಿದ್ದರೆ ಅರ ಸಾಕು, ಸಂಜೆಯವರೆಗೆ ಕೂರಬೇಕು ಅಷ್ಟೆ. ಮಳೆ ಹೊಯ್ಯುವಾಗ ಬೇರೇನು ಕೆಲಸ?

ತುದಿಯೇ ಇದರ ಜೀವ. ಸಣ್ಣ ಅರದಿಂದ ಒಂದು ಅಂಚಿನಲ್ಲಿ ಓರೆ ಕಚ್ಚು ಕೊರೆದು, ಮೀನಿನ ಗಾಳದಂತೆ ಹಿಮ್ಮುಖವಾದ ಮುಳ್ಳು ಉಳಿಸಿಕೊಳ್ಳಿ. ಮುಳ್ಳಿನ ಎತ್ತರ ಒಂದು ಮಿಲಿಮೀಟರ್ ದಾಟಬಾರದು, ಅದರ ಬಾಯಿ ಹಿಡಿಯ ಕಡೆಗಿರಬೇಕು. ಕೀಯ ಪಕ್ಕದ ಸಂದಿ ಬಲು ಕಿರಿದು, ಆದ್ದರಿಂದ ಪಟ್ಟಿಯನ್ನು ಎರಡೂ ಮುಖದಿಂದ ಎಮರಿ ಕಾಗದದ ಮೇಲೆ ಮಟ್ಟಸವಾಗಿಟ್ಟು ಉಜ್ಜಿ, ಇನ್ನಷ್ಟು ತೆಳು ಮಾಡಿ. ಉಗುರಿನಿಂದ ಸವರಿದಾಗ ಮುಳ್ಳು ಬಿಟ್ಟು ಬೇರೆಲ್ಲೂ ತಡೆಯಬಾರದು. ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ.

ಇಷ್ಟು ತಾಳ್ಮೆಯಿಲ್ಲವೇ? ಅಕ್ಕಸಾಲಿಗಳ ಹತ್ತಿರ “ಸಣ್ಣ ಗರಗಸದ ಬ್ಲೇಡೊಂದು ಕೊಡಿ ಅಣ್ಣ” ಎಂದು ಕೇಳಿ. ಕೂದಲೆಳೆಯಂಥ ಆ ಬ್ಲೇಡಿನ ಹಲ್ಲುಗಳು ನಿಮ್ಮ ಕಡೆಗೆ ಬಾಗಿರುವಂತೆ ಒಳಗೆ ತೂರಿಸಿ ಎಳೆದರೆ ಹಿತ್ತಾಳೆಯನ್ನು ಕಚ್ಚಿಕೊಂಡು ಬರುತ್ತದೆ. ಬೇಗ ತುಂಡಾಗುತ್ತದೆ ಎಂಬುದೊಂದೇ ಇದರ ದೋಷ.

ತೆಗೆಯುವಾಗ ಬೀಗಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಲು ಗಂಟೆ ಬಿಡಿ. ತೂತು ಕೆಳಮುಖವಾಗಿರಲಿ. ಕೊಕ್ಕೆಯನ್ನು ಕೀಯ ಕಚ್ಚುಗಳಿರುವ ಬದಿಯಿಂದ ತೂರಿಸಿ, ಅರೆ ಸುತ್ತಿಗಿಂತ ಕಡಿಮೆ ತಿರುಚಿ, ಮುಳ್ಳು ಕಚ್ಚಿದ್ದು ಬೆರಳಿಗೆ ತಿಳಿದ ಮೇಲೆ ನೇರವಾಗಿ ಎಳೆಯಿರಿ. ಜಾರಿದರೆ ಎರಡು ಕೊಕ್ಕೆ ಮಾಡಿ, ಎರಡೂ ಬದಿಯಿಂದ ಒಟ್ಟಿಗೆ ಎಳೆಯಬಹುದು. ಬೆಂಕಿಕಡ್ಡಿಗೆ ಅಂಟು ಹಚ್ಚಿ ಒಳಗೆ ಒತ್ತುವ ಉಪಾಯ ಮಾತ್ರ ಬೇಡ. ಅಂಟು ಪಿನ್‌ಗಳಿಗೆ ಹರಿದರೆ ಬೀಗ ಗುಜರಿಗೇ. ಬೇರೆಯವರ ಬೀಗವಾದರೆ ಯಜಮಾನರು ಪಕ್ಕದಲ್ಲಿರುವಾಗಲೇ ಕೈ ಹಾಕಿ.

ಹೊರಬಂದ ತುಂಡನ್ನು ಎಸೆಯಬೇಡಿ. ಎರಡೂ ತುಂಡು ಜೋಡಿಸಿಟ್ಟರೆ ಕೀ ಮಾಡುವವರು ಅದನ್ನು ನೋಡಿ ಹೊಸದು ಕೊರೆದು ಕೊಡುತ್ತಾರೆ.

ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುವ ರೂಢಿ ನಮ್ಮಲ್ಲಿ ಹಳೆಯದು. ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ ಕೆಳಗೆ ಹೆಪ್ಪುಗಟ್ಟುತ್ತದೆ, ಜುಲೈ ತಿಂಗಳ ಮಡಿಕೇರಿಯಲ್ಲಿ ಅದು ಬೀಗದೊಳಗೆ ಮೇಣವಾಗಿ ಕೂರುತ್ತದೆ. ಬದಲಿಗೆ ಬೀಗವನ್ನು ಒಲೆಯ ಬಳಿ ಒಣಗಿಸಿ, ಪೆನ್ಸಿಲಿನ ಸೀಸ ಕೆರೆದ ಪುಡಿಯನ್ನು ಕೀಗೆ ಸವರಿ ಹತ್ತಾರು ಸಲ ಒಳಗೆ ಹೊರಗೆ ಆಡಿಸಿ. ಎಣ್ಣೆಯನ್ನೂ ಪುಡಿಯನ್ನೂ ಬೆರೆಸಿದರೆ ಕೆಸರಾಗುತ್ತದೆ. ಗೇಟಿನ ಬೀಗಕ್ಕೆ ಹಳೆ ಟ್ಯೂಬಿನ ರಬ್ಬರನ್ನು ಮುಸುಕಿನಂತೆ ಇಳಿಬಿಟ್ಟು, ಕೆಳಭಾಗ ತೆರೆದಿಡಿ, ಒಳಹೊಕ್ಕ ನೀರಿಗೆ ದಾರಿ ಬೇಕು.